ಹೊಟ್ಟೆಯ ಆಪರೇಷನ್ ನಂತರ ಕರುಳು ಅಂಟಿಕೊಳ್ಳುವ ತೊಂದರೆ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಆಷಾಢದ ಒಂದು ರಾತ್ರಿ ಅಮ್ಮನಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಳಹಳ್ಳಿಯಲ್ಲಿ. ಹೊರಗೆ ಬಿಡದೆ ಮಳೆ, ಕರೆಂಟು ಹೋಗಿ ಎರಡು ದಿನವಾಗಿತ್ತು. ಗ್ಯಾಸ್ಟ್ರಿಕ್ ಇರಬೇಕು ಎಂದು ಓಮದ ಕಷಾಯ ಕೊಟ್ಟೆವು, ಆಮೇಲೆ ಇಂಗು ಹಾಕಿದ ಮಜ್ಜಿಗೆ, ಆಮೇಲೆ ಮನೆಯಲ್ಲಿದ್ದ ಮಾತ್ರೆ. ನೋವು ಅಲೆಯ ಹಾಗೆ ಬರುತ್ತಿತ್ತು, ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಬೆಳಗಿನ ಜಾವ ಹಸಿರು ಬಣ್ಣದ ವಾಂತಿಯಾಯಿತು. ಆದರೂ ನಾವು ಹೊರಟದ್ದು ಮಧ್ಯಾಹ್ನ. ಶಿವಮೊಗ್ಗದಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಅಮ್ಮಾ, ಹಿಂದೆ ಹೊಟ್ಟೆಯ ಆಪರೇಷನ್ ಏನಾದರೂ ಆಗಿದೆಯೇ?’ ‘ಗರ್ಭಕೋಶ ತೆಗೆದಿದ್ದಾರೆ, ಅದು ಒಂಬತ್ತು ವರ್ಷದ ಹಿಂದಿನ ಮಾತು’ ಎಂದು ನಾನೇ ಉತ್ತರಿಸಿದೆ, ಈಗಿನ ನೋವಿಗೂ ಅದಕ್ಕೂ ಏನು ಸಂಬಂಧ ಎಂಬ ಧಾಟಿಯಲ್ಲಿ. ಸಂಬಂಧ ಇತ್ತು. ಆ ಆಪರೇಷನ್ನಿನ ಗಾಯ ಒಳಗೆ ಮಾಯುವಾಗ ಹುಟ್ಟಿದ ಒಂದು ಪಟ್ಟಿಗೆ ಸಣ್ಣ ಕರುಳು ಸಿಕ್ಕಿಕೊಂಡಿತ್ತು.

ಮೂಗಿನಿಂದ ನಳಿಕೆ ಇಳಿಸಿ, ಬಾಯಿಗೆ ಏನೂ ಕೊಡದೆ, ಡ್ರಿಪ್ ಹಾಕಿ ಮೂರು ದಿನ ಕಾದರು. ಮೂರನೆಯ ದಿನ ಗಾಳಿ ಹೋಯಿತು. ಮತ್ತೆ ಹೊಟ್ಟೆ ಕೊಯ್ಯದೆ ಅಮ್ಮ ಮನೆಗೆ ಬಂದರು. ಮೊದಲ ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಇಂಥದ್ದೊಂದು ಆಗಬಹುದು ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಆ ರಾತ್ರಿ ನಾವು ಕಷಾಯ ಕುದಿಸುತ್ತಾ ಕೂರುತ್ತಿರಲಿಲ್ಲ. ಅಂದಿನಿಂದ ಈ ವಿಷಯವನ್ನು ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡಿದ್ದೇನೆ. ಆಪರೇಷನ್ನಿಗೆ ಹೊರಟವರಿಗೂ ಈಗಾಗಲೇ ಮಾಡಿಸಿಕೊಂಡವರಿಗೂ ಅದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ವೈದ್ಯರು ನಿಮ್ಮ ಹೊಟ್ಟೆಯನ್ನು ನೋಡಿ ಹೇಳಿದ್ದು ಈ ಬರಹಕ್ಕಿಂತ ಮೇಲು.

ಮೊದಲೇ ಹೇಳಿಬಿಡುತ್ತೇನೆ: ಹೀಗೆ ಒಳಗೆ ಅಂಟಿಕೊಳ್ಳುವುದನ್ನು, ಅಂದರೆ ಅಂಟಿಕೆಯನ್ನು, ಪೂರ್ತಿ ತಡೆಯುವ ಮಾತ್ರೆ, ಎಣ್ಣೆ, ವ್ಯಾಯಾಮ ಯಾವುದೂ ಇಲ್ಲ. ಅದರ ಸಾಧ್ಯತೆಯನ್ನು ತಗ್ಗಿಸಬಹುದು. ಆ ಕೆಲಸದ ಬಹುಪಾಲು ಆಪರೇಷನ್ನಿಗೆ ಮೊದಲಿನ ನಿರ್ಧಾರದಲ್ಲಿ ಮತ್ತು ಆಪರೇಷನ್ ಕೋಣೆಯಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದಾಚೆ ನಮ್ಮ ಕೈಯಲ್ಲಿ ಉಳಿಯುವುದು ಅಂಟಿಕೆ ತೊಂದರೆ ಕೊಟ್ಟಾಗ ಗುರುತಿಸಿ, ತಡಮಾಡದೆ ಹೊರಡುವುದು.

ಒಳಗೆ ಏನಾಗುತ್ತದೆ

ಹೊಟ್ಟೆಯ ಒಳಗೋಡೆಗೂ ಕರುಳಿನ ಹೊರಮೈಗೂ ಒಂದು ತೆಳುವಾದ, ನುಣುಪಾದ ಪೊರೆಯ ಹೊದಿಕೆ ಇದೆ. ವೈದ್ಯರು ಅದನ್ನು ಪೆರಿಟೋನಿಯಮ್ ಎನ್ನುತ್ತಾರೆ. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ನಮ್ಮ ಮೈಮೇಲಿನ ಚರ್ಮದಷ್ಟೇ ವಿಸ್ತಾರ. ಅದರ ಮೇಲಿರುವ ತುಸು ದ್ರವದ ಜಾರಿನಲ್ಲಿ ಕರುಳಿನ ಸುರುಳಿಗಳು ಒಂದರ ಮೇಲೊಂದು ಸಲೀಸಾಗಿ ಸರಿದಾಡುತ್ತವೆ.

ಕತ್ತರಿ ತಾಗಿದಲ್ಲಿ, ಬಟ್ಟೆ ಉಜ್ಜಿದಲ್ಲಿ, ದೀಪದ ಬಿಸಿಗೆ ಒಣಗಿದಲ್ಲಿ, ರಕ್ತ ಉಳಿದಲ್ಲಿ, ಕೀವಾದಲ್ಲಿ ಈ ಪೊರೆಗೆ ಗಾಯವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಗಾಯದ ಮೇಲೆ ಫೈಬ್ರಿನ್ ಎಂಬ ಅಂಟು ಒಸರುತ್ತದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಹಲಸಿನ ಮೇಣವೇ ಸಾಕು. ಹಸಿಯಾಗಿದ್ದಾಗ ಮೇಣವನ್ನು ಒರೆಸಿ ತೆಗೆಯಬಹುದು, ಒಣಗಿ ಗಟ್ಟಿಯಾದ ಮೇಲೆ ಕೆರೆದೇ ತೆಗೆಯಬೇಕು. ದೇಹವೂ ಈ ಅಂಟನ್ನು ಹಸಿಯಿರುವಾಗಲೇ, ಸುಮಾರು ಮೂರು ದಿನದೊಳಗೆ ಕರಗಿಸಿಬಿಡಲು ನೋಡುತ್ತದೆ. ಕರಗಿಸುವ ರಸ ಪೊರೆಯಲ್ಲೇ ಇದೆ. ರಕ್ತಸಂಚಾರ ಕಡಿಮೆಯಾದ ಜಾಗದಲ್ಲಿ, ಸೋಂಕಾದ ಜಾಗದಲ್ಲಿ, ಪುಡಿಯೋ ನೂಲೋ ಉಳಿದ ಜಾಗದಲ್ಲಿ ಆ ರಸ ಸೋಲುತ್ತದೆ. ಆಗ ಅಂಟಿನ ಮೇಲೆ ಗಾಯ ಮಾಯಿಸುವ ಕೋಶಗಳು ಬಂದು ನಾರು ಹೆಣೆಯುತ್ತವೆ. ಐದರಿಂದ ಏಳು ದಿನದ ಹೊತ್ತಿಗೆ ಅದೊಂದು ಪಟ್ಟಿಯ ರೂಪಕ್ಕೆ ಬಂದಿರುತ್ತದೆ. ಮುಂದೆ ಅದರೊಳಗೆ ರಕ್ತನಾಳ ಬೆಳೆಯುತ್ತದೆ, ನರವೂ ಬೆಳೆಯಬಹುದು. ಹೀಗೆ ಕರುಳು ಕರುಳಿಗೆ, ಕರುಳು ಹೊಟ್ಟೆಯ ಗೋಡೆಗೆ, ಹೆಂಗಸರಲ್ಲಿ ಮೂತ್ರಕೋಶ ಗರ್ಭಕೋಶಕ್ಕೆ ಅಂಟಿಕೊಳ್ಳುತ್ತದೆ. ಆಸ್ಪತ್ರೆಯವರು ಅಡ್ಹೀಷನ್ ಎನ್ನುವುದು ಇದನ್ನೇ.

ಹೊಟ್ಟೆ ತೆರೆದು ಮಾಡುವ ದೊಡ್ಡ ಆಪರೇಷನ್ ಆದ ಹೆಚ್ಚಿನವರಲ್ಲಿ ಸ್ವಲ್ಪವಾದರೂ ಅಂಟಿಕೆ ಆಗಿಯೇ ಇರುತ್ತದೆ. ಬಹುತೇಕರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 1986ರಲ್ಲಿ ಹೊಟ್ಟೆಯ ಆಪರೇಷನ್ ಆದವರ ದಾಖಲೆಗಳನ್ನು ಹತ್ತು ವರ್ಷ ಹಿಂಬಾಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಅಂಟಿಕೆಗೆ ಸಂಬಂಧಿಸಿರಬಹುದಾದ ಕಾರಣಕ್ಕೆ, ಅಥವಾ ಅಂಟಿಕೆಯಿಂದ ಜಟಿಲವಾಗಬಹುದಾದ ಮತ್ತೊಂದು ಆಪರೇಷನ್ನಿಗೆ, ಸರಾಸರಿ ಎರಡು ಬಾರಿ ಮತ್ತೆ ಆಸ್ಪತ್ರೆ ಸೇರಿದ್ದರು. ನೇರವಾಗಿ ಅಂಟಿಕೆಯಿಂದಲೇ ಎನ್ನಬಹುದಾದ ದಾಖಲಾತಿಗಳು ಅದರಲ್ಲಿ ಶೇಕಡಾ 6ಕ್ಕಿಂತ ಕಡಿಮೆ. ಹೆದರಿ ಕೂರಬೇಕಾದ ಲೆಕ್ಕವೇನಲ್ಲ ಇದು. ಆದರೆ ಆ ಸಣ್ಣ ಪಾಲಿನಲ್ಲಿ ನಮ್ಮ ಅಮ್ಮ ಇದ್ದರು.

ಇನ್ನೊಂದು ಮಾತು. ಹೊರಗಿನ ಕಲೆ ನೋಡಿ ಒಳಗಿನದನ್ನು ಅಳೆಯಲಾಗದು. ಹೊರಗೆ ಗೆರೆಯಷ್ಟೇ ಉಳಿದವರಿಗೆ ಒಳಗೆ ಬಿಗಿಯಾದ ಪಟ್ಟಿ ಇರಬಹುದು, ಹೊರಗೆ ಉಬ್ಬಿದ ದಪ್ಪ ಕಲೆ ಇದ್ದವರಿಗೆ ಒಳಗೆ ಏನೂ ಇಲ್ಲದಿರಬಹುದು.

ಮೊದಲ ಹೆಜ್ಜೆ: ಹೊಟ್ಟೆ ತೆರೆಯಲೇಬೇಕೇ ಎಂದು ಕೇಳಿ

ತೆರೆಯದ ಹೊಟ್ಟೆಯಲ್ಲಿ ಆಪರೇಷನ್ನಿನ ಅಂಟಿಕೆ ಹುಟ್ಟುವುದಿಲ್ಲ. ಸೋಂಕು, ಕ್ಷಯ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ), ರೇಡಿಯೇಷನ್ ಚಿಕಿತ್ಸೆಗಳಿಂದಲೂ ಕರುಳು ಅಂಟಿಕೊಳ್ಳುತ್ತದೆ, ಅದು ಬೇರೆ ಮಾತು. ಜೀವ ಉಳಿಸುವ ಆಪರೇಷನ್ನನ್ನು ಅಂಟಿಕೆಗೆ ಹೆದರಿ ಮುಂದೂಡಬೇಡಿ; ಒಡೆದ ಅಪೆಂಡಿಕ್ಸಿನ ಕೀವು ಹೊಟ್ಟೆಯಲ್ಲಿ ಹರಡಿದರೆ ಆಗುವ ಅಂಟಿಕೆ ಯಾವ ಕತ್ತರಿಯಿಂದಲೂ ಆಗುವುದಿಲ್ಲ. ಆದರೆ ಕಾದು ನಿರ್ಧರಿಸಬಹುದಾದ ಆಪರೇಷನ್ನುಗಳೂ ಇವೆ. ಅಲ್ಲಿ ಪ್ರಶ್ನೆ ಕೇಳುವುದು ನಿಮ್ಮ ಹಕ್ಕು.

ಗರ್ಭಕೋಶದ ಮಾತು ಮೊದಲು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದೆ, ‘ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ, ತೊಂದರೆಯೇ ಇರುವುದಿಲ್ಲ’ ಎಂಬ ಸಲಹೆ ನಮ್ಮ ಹಳ್ಳಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಪಕ್ಕದ ಮನೆಯಿಂದಲೂ ಸಿಗುತ್ತದೆ. ಕ್ಯಾನ್ಸರ್ ಅಲ್ಲ ಎಂದು ಖಚಿತವಾದ ಮೇಲೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ. ಅವನ್ನು ಪ್ರಯತ್ನಿಸಿ ನೋಡಿದ್ದೇವೆಯೇ ಎಂದು ಕೇಳಿ, ಸಾಧ್ಯವಾದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ನಮ್ಮ ಅಮ್ಮನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ತೆಗೆಯಲೇಬೇಕಾದರೆ ಯೋನಿಮಾರ್ಗದಿಂದ ತೆಗೆಯಲು ಸಾಧ್ಯವೇ ಎಂದೂ ಕೇಳಬಹುದು.

ಸಂತಾನಹರಣ ಇನ್ನೊಂದು. ಹೆಂಗಸರ ಆಪರೇಷನ್ ಎಷ್ಟೇ ಚಿಕ್ಕದಾದರೂ ಹೊಟ್ಟೆಯೊಳಗೆ ಹೋಗಿಯೇ ಮಾಡಬೇಕು. ಗಂಡಸರದ್ದು ಹೊಟ್ಟೆಯ ಹೊರಗೆ, ಹೊಲಿಗೆಯೂ ಇಲ್ಲದೆ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ತೋಟದ ಕೆಲಸಕ್ಕೆ ಶಕ್ತಿ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೆಂಡತಿಗೆ ಈಗಾಗಲೇ ಎರಡು ಸಿಸೇರಿಯನ್ ಆಗಿದ್ದರೆ ಗಂಡನಾದವನು ಇದನ್ನು ಗಂಭೀರವಾಗಿ ಯೋಚಿಸಬೇಕು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಸಿಸೇರಿಯನ್ ಸಂಖ್ಯೆ ಏರಿದಂತೆ ಅಂಟಿಕೆಯೂ ಏರುತ್ತದೆ. ಮೂರನೆಯ ಸಲ ಹೊಟ್ಟೆ ತೆರೆಯುವಾಗ ಮೂತ್ರಕೋಶ ಗರ್ಭಕೋಶಕ್ಕೆ ಅಂಟಿ ಕೂತಿರುವುದು ಅಪರೂಪವಲ್ಲ. ಒಳ್ಳೆಯ ದಿನ, ಒಳ್ಳೆಯ ನಕ್ಷತ್ರ ನೋಡಿ ಕೊಯ್ಸುವ ಪದ್ಧತಿಯನ್ನು ದಯವಿಟ್ಟು ಬಿಡಿ.

ಅಪೆಂಡಿಕ್ಸ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಡೆಯದ, ಜಟಿಲವಲ್ಲದ ಅಪೆಂಡಿಕ್ಸ್ ಉರಿಯೂತಕ್ಕೆ ಆ್ಯಂಟಿಬಯಾಟಿಕ್ ಕೊಟ್ಟು ನೋಡಬಹುದು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹಾಗೆ ಔಷಧ ಪಡೆದವರಲ್ಲಿ ಹತ್ತರಲ್ಲಿ ಸುಮಾರು ಮೂವರಿಗೆ 90 ದಿನದೊಳಗೆ ಆಪರೇಷನ್ ಬೇಕಾಯಿತು. ಪಟ್ಟಣದಲ್ಲಿರುವವರು ಆ ದಾರಿ ಹಿಡಿಯಬಹುದು. ಮಳೆಗಾಲದಲ್ಲಿ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ, ಎರಡು ಕಿಲೋಮೀಟರ್ ಕೆಸರು ನಡೆದು ಜೀಪು ಹತ್ತಬೇಕಾದ ಮನೆಯವರು ವೈದ್ಯರಿಗೆ ಆ ಸ್ಥಿತಿಯನ್ನು ಹೇಳಿ ನಿರ್ಧರಿಸಬೇಕು. ಮತ್ತೆ ನೋವು ಬಂದಾಗ ಆಸ್ಪತ್ರೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದು ಚಿಕಿತ್ಸೆಯ ಆಯ್ಕೆಗೆ ಸೇರಿದ ವಿಷಯವೇ.

ಎರಡನೆಯ ಹೆಜ್ಜೆ: ಸರ್ಜನ್ ಹತ್ತಿರ ಕೇಳಬೇಕಾದದ್ದು

ಡಾಕ್ಟರ ಮುಂದೆ ನಮ್ಮವರು ಬಾಯಿ ಬಿಡುವುದಿಲ್ಲ. ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾನು ನಂತರ ಅತ್ತಿಗೆಯ ಆಪರೇಷನ್ನಿಗೆ ಹೋದಾಗ ಒಯ್ದ ಚೀಟಿಯಲ್ಲಿ ನಾಲ್ಕು ಪ್ರಶ್ನೆ ಇದ್ದವು:

1. ಇದನ್ನು ಲ್ಯಾಪರೊಸ್ಕೋಪಿಯಲ್ಲಿ ಮಾಡಬಹುದೇ?
2. ಅಂಟಿಕೆ ತಡೆಯುವ ಪದರ ಅಥವಾ ದ್ರವ ಇವರಿಗೆ ಉಪಯೋಗವೇ, ಇಲ್ಲಿ ಸಿಗುತ್ತದೆಯೇ, ಖರ್ಚು ಎಷ್ಟು?
3. ಪುಡಿ ಇಲ್ಲದ ಕೈಗವಸು ಬಳಸುತ್ತೀರಾ?
4. ಹಿಂದೆ ಆದ ಆಪರೇಷನ್ನಿನಿಂದ ಈಗ ಏನಾದರೂ ಅಪಾಯವಿದೆಯೇ?

ಲ್ಯಾಪರೊಸ್ಕೋಪಿ ಎಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ಅದರಲ್ಲಿ ಹೊಟ್ಟೆಯ ಗೋಡೆಗೆ ಗಾಯ ಕಡಿಮೆ, ಕರುಳನ್ನು ಕೈಯಿಂದ ಮುಟ್ಟುವುದು ಕಡಿಮೆ, ಬಟ್ಟೆಯ ಉಜ್ಜಾಟ ಕಡಿಮೆ. ಅಂಟಿಕೆಯೂ ಸಾಮಾನ್ಯವಾಗಿ ಕಡಿಮೆ, ಆದರೆ ಸೊನ್ನೆಯಲ್ಲ. ಒಳಗೆ ಕೆಲಸ ಶುರುವಾದ ಮೇಲೆ ಸುರಕ್ಷಿತವಲ್ಲ ಅನ್ನಿಸಿ ಸರ್ಜನ್ ಹೊಟ್ಟೆ ತೆರೆದರೆ ಅದನ್ನು ಅವರ ಸೋಲು ಎಂದು ಭಾವಿಸಬೇಡಿ.

ಎರಡನೆಯ ಪ್ರಶ್ನೆ ಹೆಚ್ಚಿನವರಿಗೆ ಹೊಸದು. ಹಲಸಿನಕಾಯಿ ಹೆಚ್ಚುವ ಮೊದಲು ಅಜ್ಜಿ ಕೈಗೂ ಮೆಟ್ಟುಗತ್ತಿಗೂ ಕೊಬ್ಬರಿ ಎಣ್ಣೆ ಸವರುತ್ತಿದ್ದರಲ್ಲ, ಅದೇ ಯೋಚನೆ ಇಲ್ಲಿಯೂ ಇದೆ. ಗಾಯವಾದ ಎರಡು ಮೈಗಳು ಅಂಟುವ ಆ ಮೊದಲ ವಾರ ಅವುಗಳ ನಡುವೆ ಏನಾದರೊಂದು ಇರಬೇಕು, ಆಮೇಲೆ ತಾನಾಗಿ ಕರಗಿ ಹೋಗಬೇಕು. ಹೈಯಲುರೊನೇಟ್ ಮತ್ತು ಸೆಲ್ಯುಲೋಸ್ ಸೇರಿಸಿ ಮಾಡಿದ ಸೆಪ್ರಾಫಿಲ್ಮ್ ಎಂಬ ತೆಳು ಹಾಳೆ, ಸೆಲ್ಯುಲೋಸಿನ ಬಲೆಯಂಥ ಇಂಟರ್‌ಸೀಡ್, ಹೊಟ್ಟೆಯಲ್ಲಿ ಬಿಟ್ಟುಬಿಡುವ ಐಕೊಡೆಕ್ಸ್‌ಟ್ರಿನ್ ದ್ರವ, ಇವೆಲ್ಲ ಆ ಜಾತಿಯವು. ಇವು ಮಂತ್ರವಲ್ಲ. ಕರುಳಿನ ಆಪರೇಷನ್ ಆದವರಲ್ಲಿ ಸೆಪ್ರಾಫಿಲ್ಮ್ ಪರೀಕ್ಷಿಸಿದ ದೊಡ್ಡ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಕರುಳು ಕಟ್ಟಿಕೊಂಡವರ ಒಟ್ಟು ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಇತ್ತು. ಅಂಟಿಕೆಯಿಂದಾಗಿ ಮತ್ತೆ ಆಪರೇಷನ್ ಬೇಕಾದವರು ಮಾತ್ರ ಶೇಕಡಾ 3.4ರಿಂದ 1.8ಕ್ಕೆ ಇಳಿದಿದ್ದರು. ಕರುಳನ್ನು ಕತ್ತರಿಸಿ ಜೋಡಿಸಿದ ಜಾಗಕ್ಕೆ ನೇರವಾಗಿ ಆ ಹಾಳೆ ಸುತ್ತಿದರೆ ಜೋಡಣೆ ಸೋರುವ ಅಪಾಯವಿದೆ. ಆದ್ದರಿಂದ ‘ಹಾಕಿ’ ಎಂದು ಒತ್ತಾಯಿಸಬೇಡಿ, ‘ಇವರಿಗೆ ಹೊಂದುತ್ತದೆಯೇ’ ಎಂದು ಕೇಳಿ.

ಕೈಗವಸಿನ ಪುಡಿ ಹೊಟ್ಟೆಯೊಳಗೆ ಬಿದ್ದರೆ ಉರಿಯೂತವಾಗಿ ಅಂಟಿಕೆ ಹೆಚ್ಚುತ್ತದೆ ಎಂಬುದು ಹಳೆಯ ತಿಳಿವಳಿಕೆ. ಅಮೆರಿಕದಲ್ಲಿ 2017ರಿಂದ ಪುಡಿ ಹಾಕಿದ ಶಸ್ತ್ರಚಿಕಿತ್ಸಾ ಕೈಗವಸುಗಳನ್ನು ನಿಷೇಧಿಸಿದ್ದಾರೆ. ಉಳಿದದ್ದೆಲ್ಲ, ಅಂದರೆ ಕರುಳನ್ನು ಮೃದುವಾಗಿ ಹಿಡಿಯುವುದು, ಒದ್ದೆಯಾಗಿಡುವುದು, ರಕ್ತ ಪೂರ್ತಿ ನಿಲ್ಲಿಸಿ ತೊಳೆಯುವುದು, ಸರ್ಜನ್‌ರ ಕೈಗುಣ. ಅದನ್ನು ಚೀಟಿಯಲ್ಲಿ ಬರೆದು ಕೇಳಲಾಗದು. ಆ ಆಪರೇಷನ್ನನ್ನು ಮೇಲಿಂದ ಮೇಲೆ ಮಾಡುವವರ ಹತ್ತಿರ ಹೋಗುವುದಷ್ಟೇ ನಮಗಿರುವ ದಾರಿ.

ಮೂರನೆಯ ಹೆಜ್ಜೆ: ದೇಹವನ್ನು ತಯಾರು ಮಾಡುವುದು

ದಿನಾಂಕ ನಿಗದಿಯಾದ ಆಪರೇಷನ್ ಆದರೆ ನಿಮಗೆ ಕೆಲವು ವಾರ ಸಮಯವಿದೆ. ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ‘ನಾನು ಸೇದುವುದಿಲ್ಲವಲ್ಲ’ ಎಂದುಕೊಳ್ಳುತ್ತಾರೆ. ಅದರ ನಿಕೋಟಿನ್ ಕೂಡ ರಕ್ತನಾಳವನ್ನು ಬಿಗಿಯುತ್ತದೆ, ರಕ್ತ ಸರಿಯಾಗಿ ಹರಿಯದ ಗಾಯ ಸರಿಯಾಗಿ ಮಾಯುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ಏಕೆಂದರೆ ಸೋಂಕು ಅಂಟಿಕೆಯ ದೊಡ್ಡ ಗೆಳೆಯ. ರಕ್ತಹೀನತೆ ಇದ್ದರೆ ಕಬ್ಬಿಣಾಂಶದ ಮಾತ್ರೆಗೆ ಇದೇ ಸಮಯ.

ನಾಲ್ಕನೆಯ ಹೆಜ್ಜೆ: ಮೊದಲ ಏಳು ದಿನ

ಅಂಟಿಕೆ ಹುಟ್ಟುವುದು ಈ ದಿನಗಳಲ್ಲಿ. ಎದ್ದು ಓಡಾಡಿದರೆ ಅಂಟಿಕೆ ಆಗುವುದಿಲ್ಲ ಎಂದು ಹೇಳುವವರಿದ್ದಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೂ ವೈದ್ಯರು ಒಪ್ಪಿದ ಕ್ಷಣದಿಂದ ಎದ್ದು ನಡೆಯಲೇಬೇಕು: ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ, ಶ್ವಾಸಕೋಶದಲ್ಲಿ ಕಫ ನಿಲ್ಲುವ ಅಪಾಯ ಕಡಿಮೆಯಾಗುತ್ತದೆ, ದೇಹ ಬೇಗ ಚೇತರಿಸುತ್ತದೆ. ಮೊದಲ ದಿನ ಮಂಚದಿಂದ ಕುರ್ಚಿಗೆ, ಮರುದಿನ ವಾರ್ಡಿನ ಬಾಗಿಲಿಗೆ, ಆಮೇಲೆ ಕಾರಿಡಾರಿನ ತುದಿಗೆ. ಏಳುವಾಗ ನೇರವಾಗಿ ಏಳದೆ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ ಏಳಿ. ಕೆಮ್ಮು ಬಂದರೆ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಿ.

ನೋವನ್ನು ಸಹಿಸಿಕೊಂಡು ಬಿದ್ದಿರುವುದು ಧೈರ್ಯವಲ್ಲ. ನೋವಿಗೆ ಔಷಧ ಸಿಕ್ಕರೆ ಮಾತ್ರ ನಡೆಯಲು ಸಾಧ್ಯ. ಟ್ರಮಡಾಲ್‌ನಂಥ ಕೆಲವು ನೋವಿನ ಔಷಧಗಳು ಮಲಬದ್ಧತೆ ತರುತ್ತವೆ ಎಂಬುದು ನೆನಪಿರಲಿ, ಹಾಗಾದರೆ ಸಿಸ್ಟರ್‌ಗೆ ಹೇಳಿ. ವೈದ್ಯರು ಒಪ್ಪಿದರೆ ದಿನಕ್ಕೆ ಮೂರು ಬಾರಿ ಚ್ಯೂಯಿಂಗ್ ಗಮ್ ಅಗಿಯಬಹುದು. ಬಾಯಿ ಆಡಿದರೆ ಊಟ ಬರುತ್ತಿದೆ ಎಂದು ತಿಳಿದು ಕರುಳು ಎಚ್ಚರಗೊಳ್ಳುತ್ತದೆ, ಗಾಳಿ ಬೇಗ ಹೋಗುತ್ತದೆ. ಹಳ್ಳಿಯಿಂದ ನೋಡಲು ಬಂದ ನೆಂಟರು ಇದನ್ನು ಕಂಡು ವಿಚಿತ್ರ ಎಂದುಕೊಳ್ಳಬಹುದು, ಇರಲಿ.

ಗಾಳಿ ಹೋಯಿತೇ, ಮಲ ಹೋಯಿತೇ ಎಂದು ಡಾಕ್ಟರು ರೌಂಡ್ಸಿನಲ್ಲಿ ಕೇಳಿದಾಗ ನಾಚಿಕೆಯಿಂದ ತಲೆ ಆಡಿಸಬೇಡಿ, ಇದ್ದದ್ದನ್ನು ಹೇಳಿ. ಆ ಉತ್ತರದ ಮೇಲೆ ನಿಮ್ಮ ಊಟ ನಿಂತಿದೆ. ಜ್ವರ, ಹೊಲಿಗೆಯಿಂದ ಕೀವು, ಹೊಟ್ಟೆ ಉಬ್ಬರ ಕಂಡರೆ ಅದೇ ದಿನ ತಿಳಿಸಿ.

ಐದನೆಯ ಹೆಜ್ಜೆ: ಮನೆಗೆ ಬಂದ ಮೇಲಿನ ಆರು ವಾರ

ನಮ್ಮ ಮನೆಗಳಲ್ಲಿ ಅಂಟಿಕೆಯ ಹೆಸರಿನಲ್ಲಿ ನಡೆಯುವ ತಪ್ಪುಗಳೆಲ್ಲ ಸಾಮಾನ್ಯವಾಗಿ ಈ ಅವಧಿಯವು.

ಒಂದು, ನಂಜಿನ ಭಯ. ಬೇಳೆ ನಂಜು, ಬದನೆ ನಂಜು, ಮೊಟ್ಟೆ ನಂಜು ಎಂದು ಹಿರಿಯರು ರೋಗಿಗೆ ಬರಿಯ ಗಂಜಿ, ಉಪ್ಪಿನಕಾಯಿಯ ರಸ ಕೊಟ್ಟು ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ಗಾಯ ಮಾಯಲು ಪ್ರೋಟೀನ್ ಬೇಕು. ಗಂಜಿ ಮೊದಲ ದಿನಗಳಿಗೆ ಒಳ್ಳೆಯದೇ, ಆದರೆ ವೈದ್ಯರು ಊಟಕ್ಕೆ ಅನುಮತಿ ಕೊಟ್ಟ ಮೇಲೆ ಮೆತ್ತಗೆ ಬೇಯಿಸಿದ ಹೆಸರುಬೇಳೆ, ಮಜ್ಜಿಗೆ, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು ಕೊಡಿ. ಒಂದೆಲಗದ ತಂಬುಳಿ ಅನ್ನ ನಾಲಿಗೆಗೆ ಹಿತ, ಅದು ಇರಲಿ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಮಾತ್ರ ಸಿಸೇರಿಯನ್ ಆದವಳಿಗೆ ಮಲಬದ್ಧತೆಯ ಹಿಂಸೆ ಕೊಡುತ್ತದೆ. ಬಿಸಿನೀರನ್ನೇ ಕೊಡಿ, ಆದರೆ ಬೇಕಾದಷ್ಟು ಕೊಡಿ.

ಎರಡು, ಹೊಟ್ಟೆ ತಿಕ್ಕಿಸುವುದು. ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿದರೆ ಒಳಗಿನ ಅಂಟು ಬಿಡುತ್ತದೆ ಎಂಬ ನಂಬಿಕೆ ಇದೆ. ಹಸಿ ಗಾಯದ ಮೇಲೆ ಇದು ಅಪಾಯ, ಹೊಲಿಗೆಯೇ ಬಿಟ್ಟುಕೊಳ್ಳಬಹುದು. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗಳು ಗಾಯ ಪೂರ್ತಿ ಮಾಯ್ದ ಮೇಲೆ ಕಲೆಯ ಸುತ್ತ ಮೃದುವಾಗಿ ಕೈಯಾಡಿಸಿ ಚರ್ಮದ ಬಿಗಿತ ಸಡಿಲಿಸುವುದುಂಟು. ಅದರಿಂದ ಒಳಗಿನ ಪಟ್ಟಿ ಕರಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಸೀರೆಯಿಂದ ಅಥವಾ ಬೆಲ್ಟಿನಿಂದ ಹೊಟ್ಟೆ ಕಟ್ಟಿಕೊಂಡರೆ ನಡೆಯುವಾಗ ಆಸರೆ ಸಿಗುತ್ತದೆ, ಅಂಟಿಕೆಗೆ ಅದು ಸಂಬಂಧಿಸಿದ್ದಲ್ಲ. ಉಸಿರು ಕಟ್ಟುವಷ್ಟು ಬಿಗಿಯಬೇಡಿ.

ಮೂರು, ಅಂಗಡಿಯಿಂದ ಮಾತ್ರೆ ತರುವುದು. ಊತ ಇಳಿಸುವ, ಅಂಟು ಕರಗಿಸುವ ಕಿಣ್ವ ಎಂದು ಸೆರಾಶಿಯೋಪೆಪ್ಟಿಡೇಸ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರನ್ನು ನೋಡಿದ್ದೇನೆ. ಅದು ಹೊಟ್ಟೆಯ ಅಂಟಿಕೆಯನ್ನು ತಡೆಯುತ್ತದೆ ಎಂಬುದಕ್ಕೆ ನೆಚ್ಚಬಹುದಾದ ಪುರಾವೆ ಇಲ್ಲ. ಜಪಾನಿನಲ್ಲಿ ಈ ಔಷಧವನ್ನು ಮಾರುತ್ತಿದ್ದ ಕಂಪನಿಯೇ, ಅದರ ಪರಿಣಾಮ ಸಾಬೀತಾಗದ ಕಾರಣ, 2011ರಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಿತು.

ಭಾರದ ಮಾತು. ಹೊಟ್ಟೆ ತೆರೆದ ಆಪರೇಷನ್ ಆದರೆ ಸಾಮಾನ್ಯವಾಗಿ ಆರು ವಾರ ಐದು ಕಿಲೋಗಿಂತ ಹೆಚ್ಚು ಎತ್ತಬಾರದು. ತುಂಬಿದ ಕೊಡಪಾನ, ಹುಲ್ಲಿನ ಹೊರೆ, ಅಡಿಕೆ ಮೂಟೆ, ಹಿಂಡಿಯ ಚೀಲ ಯಾವುದೂ ಬೇಡ. ಅಂಟಿಕೆಗಾಗಿ ಅಲ್ಲ ಈ ಎಚ್ಚರ, ಹರ್ನಿಯಾ ಆಗದಿರಲಿ ಎಂದು. ಹರ್ನಿಯಾ ಆದರೆ ಮತ್ತೊಂದು ಆಪರೇಷನ್, ಮತ್ತೊಂದು ಆಪರೇಷನ್ ಎಂದರೆ ಮತ್ತಷ್ಟು ಅಂಟಿಕೆ. ಕೊಯ್ಲಿನ ಸಮಯದಲ್ಲಿ ಹೆಂಗಸರು ಮೂರನೆಯ ವಾರಕ್ಕೇ ಅಂಗಳಕ್ಕಿಳಿಯುತ್ತಾರೆ. ಅಡಿಕೆ ಸುಲಿಯಲು ಕೂರಲಿ, ಹೊರಲು ಮಾತ್ರ ಬಿಡಬೇಡಿ.

ಆರನೆಯ ಹೆಜ್ಜೆ: ಕಾಗದ ಜೋಪಾನ

ಅಮ್ಮನ ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು ಪೆಟ್ಟಿಗೆಯಲ್ಲೇ ಹಾಳಾಗಿತ್ತು. ಹೊಟ್ಟೆಯಲ್ಲಿ ಏನು ತೆಗೆದರು, ಎಲ್ಲಿ ಕೊಯ್ದರು, ಆಗ ಒಳಗೆ ಏನು ಕಂಡಿತು ಎಂಬುದು ಮುಂದಿನ ವೈದ್ಯರಿಗೆ ದಾರಿ ತೋರುವ ದೀಪ. ಡಿಸ್ಚಾರ್ಜ್ ಸಮ್ಮರಿ ಮಾತ್ರ ಸಾಲದು, ಆಪರೇಷನ್ ವಿವರದ ಪ್ರತಿಯನ್ನೂ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರ ಹತ್ತಿರ ಇರಲಿ. ಮೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿ, ಆಯುಷ್ಮಾನ್ ಕಾರ್ಡು ಮತ್ತು ರೇಷನ್ ಕಾರ್ಡಿನ ಪ್ರತಿಯ ಜೊತೆ ಇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ನಡುರಾತ್ರಿ ಕಾರ್ಡು ಹುಡುಕುವ ಪಾಡು ಯಾರಿಗೂ ಬೇಡ.

ವರ್ಷಗಳ ನಂತರ: ಊಟದ ಎಚ್ಚರ

ಆಪರೇಷನ್ ಆದ ಎಲ್ಲರೂ ಪಥ್ಯ ಮಾಡಬೇಕಾಗಿಲ್ಲ. ಒಮ್ಮೆ ಕರುಳು ಕಟ್ಟಿಕೊಂಡವರಿಗೆ, ಆಗಾಗ ಊಟದ ನಂತರ ಹೊಟ್ಟೆ ಉಬ್ಬಿ ಹಿಂಡುವವರಿಗೆ ಮಾತ್ರ ಈ ಮಾತು. ಅವರ ಕರುಳಿನಲ್ಲಿ ಎಲ್ಲೋ ಒಂದು ಕಿರಿದಾದ ತಿರುವು ಇದೆ. ಜೀರ್ಣವಾಗದ ಉದ್ದನೆಯ ನಾರು ಅಲ್ಲಿ ಹೋಗಿ ಕೂರುತ್ತದೆ. ಮಲೆನಾಡಿನ ಅಡುಗೆಯಲ್ಲಿ ಅಂಥ ನಾರು ಬೇಕಾದಷ್ಟಿದೆ: ಬಾಳೆದಿಂಡು, ಕಳಲೆ, ಬಲಿತ ನುಗ್ಗೆ, ಹಲಸಿನ ತೊಳೆಯ ನಾರು, ಕಿತ್ತಳೆ ತೊಳೆಯ ಸಿಪ್ಪೆ, ಅಗಿಯದೆ ನುಂಗಿದ ಕೊಬ್ಬರಿ ಚೂರು, ಅಣಬೆ.

ಅಮ್ಮನಿಗೆ ಕಳಲೆ ಪಲ್ಯ ಎಂದರೆ ಪ್ರಾಣ. ಅದನ್ನು ಪೂರ್ತಿ ಬಿಡಿಸುವ ಮನಸ್ಸು ನಮಗಿರಲಿಲ್ಲ. ಈಗ ಎಳೆಯದನ್ನು ಮಾತ್ರ, ತೀರಾ ಸಣ್ಣಗೆ ಹೆಚ್ಚಿ, ಮೆತ್ತಗೆ ಬೇಯಿಸಿ, ಒಂದೆರಡು ಚಮಚ ಬಡಿಸುತ್ತೇವೆ. ಹಲಸಿನ ಹಣ್ಣನ್ನು ಹಾಗೇ ತಿನ್ನುವ ಬದಲು ರಸ ತೆಗೆದು ಕಡುಬು ಮಾಡುತ್ತೇವೆ. ಮದುವೆ ಮನೆಯ ಊಟದಲ್ಲಿ ಅವರೇ ಎಚ್ಚರ ವಹಿಸುತ್ತಾರೆ. ಒಮ್ಮೆಗೆ ಹೊಟ್ಟೆ ತುಂಬ ಉಣ್ಣುವ ಬದಲು ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪ ಉಣ್ಣುವುದು, ನಿಧಾನ ಅಗಿಯುವುದು, ಹಲ್ಲು ಹೋಗಿದ್ದರೆ ಕಟ್ಟಿಸಿಕೊಳ್ಳುವುದು. ಹಲ್ಲಿಲ್ಲದ ಹಿರಿಯರು ಅಗಿಯದೆ ನುಂಗುವ ತುತ್ತು ಈ ತೊಂದರೆಗೆ ನೇರ ಆಹ್ವಾನ.

ಅಂಟಿಕೆ ಬಿಡಿಸಲು ಮತ್ತೆ ಆಪರೇಷನ್ನೇ?

ಆಗಾಗ ನೋವು ಬಂದರೆ ಮೊದಲು ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಅಂಟಿಕೆ ಹೆಚ್ಚಾಗಿ ಕಾಣುವುದೇ ಇಲ್ಲ. ‘ಸ್ಕ್ಯಾನಿಂಗ್ ನಾರ್ಮಲ್’ ಎಂದರೆ ನೋವು ಸುಳ್ಳು ಎಂದಲ್ಲ. ಸೊಸೆಯೋ ಅತ್ತೆಯೋ ನೋವೆಂದಾಗ ಆ ಕಾಗದ ತೋರಿಸಿ ಬಾಯಿ ಮುಚ್ಚಿಸಬೇಡಿ.

ಬಿಡಿಸುವ ಆಪರೇಷನ್ ಇದೆ. ಆದರೆ ಬಿಡಿಸಿದ ಜಾಗವೂ ಗಾಯವೇ, ಅಲ್ಲಿ ಮತ್ತೆ ಅಂಟಿಕೆ ಹುಟ್ಟಬಹುದು. ನೆದರ್ಲೆಂಡ್ಸ್‌ನಲ್ಲಿ ದೀರ್ಘಕಾಲದ ಹೊಟ್ಟೆನೋವಿನ ನೂರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಂಟಿಕೆ ಬಿಡಿಸಿ, ಇನ್ನೊಂದಕ್ಕೆ ಕ್ಯಾಮೆರಾದಿಂದ ನೋಡಿ ಮಾತ್ರ ಮುಚ್ಚಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನವರ ನೋವು ಒಂದೇ ಮಟ್ಟಕ್ಕೆ ಕಡಿಮೆಯಾಗಿತ್ತು. ಆದ್ದರಿಂದ ಬರಿಯ ನೋವಿಗೆ ಅವಸರದಿಂದ ಒಪ್ಪಿಕೊಳ್ಳಬೇಡಿ. ಕರುಳು ಪೂರ್ತಿ ಕಟ್ಟಿಕೊಂಡಾಗ, ಕರುಳಿಗೆ ರಕ್ತಸಂಚಾರ ನಿಂತಾಗ ಮಾತ್ರ ಯೋಚಿಸುವ ಸಮಯವಿರುವುದಿಲ್ಲ. ಮಕ್ಕಳಾಗದ ಸಮಸ್ಯೆಗೆ ಗರ್ಭನಾಳದ ಸುತ್ತಲಿನ ಅಂಟಿಕೆ ಕಾರಣವಿದ್ದರೆ ಅದರ ಲೆಕ್ಕವೂ ಬೇರೆ, ಅದನ್ನು ಸ್ತ್ರೀರೋಗ ತಜ್ಞರ ಹತ್ತಿರವೇ ಮಾತಾಡಬೇಕು.

ಕೊನೆಯ ಹೆಜ್ಜೆ: ಗುರುತಿಸುವುದು, ಹೊರಡುವುದು

ಹೊಟ್ಟೆಯ ಆಪರೇಷನ್ ಆದವರಿಗೆ, ಅದು ಮೂವತ್ತು ವರ್ಷದ ಹಿಂದಿನದ್ದಾದರೂ, ಈ ನಾಲ್ಕು ಸೇರಿ ಬಂದರೆ ಗ್ಯಾಸ್ಟ್ರಿಕ್ ಎನ್ನಬೇಡಿ: ಅಲೆ ಅಲೆಯಾಗಿ ಹಿಂಡುವ ನೋವು, ಹಳದಿ ಅಥವಾ ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಗಾಳಿಯೂ ಮಲವೂ ನಿಲ್ಲುವುದು. ಮೊದಲ ಗಂಟೆಗಳಲ್ಲಿ ಕಟ್ಟಿದ ಜಾಗದ ಕೆಳಗೆ ಉಳಿದ ಮಲ ಒಂದೆರಡು ಬಾರಿ ಹೋಗಬಹುದು, ಅದನ್ನು ನೋಡಿ ಸಮಾಧಾನಪಟ್ಟು ಕೂರಬೇಡಿ. ಅಲೆಯಂತಿದ್ದ ನೋವು ಬಿಡದೆ ಒಂದೇ ಸಮನೆ ಇರತೊಡಗಿದರೆ, ಜ್ವರ ಬಂದರೆ, ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಬಿಗಿಯಾದರೆ ಕರುಳಿಗೆ ರಕ್ತಸಂಚಾರ ನಿಂತಿರಬಹುದು. ಆಗ ಗಂಟೆಗಳ ಲೆಕ್ಕ.

ಹರಳೆಣ್ಣೆ, ಭೇದಿ ಮಾತ್ರೆ, ಎನಿಮಾ ಕೊಡಬೇಡಿ. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ನೂಕಿದಂತೆ ಅದು. ಹೊಕ್ಕುಳು ಸರಿದಿದೆ ಎಂದು ತಿಕ್ಕಿಸಬೇಡಿ. ದೃಷ್ಟಿ ತೆಗೆಯುವುದಿದ್ದರೆ ಜೀಪು ಬರುವವರೆಗೆ ತೆಗೆಯಿರಿ, ಅದಕ್ಕಾಗಿ ಜೀಪನ್ನು ನಿಲ್ಲಿಸಬೇಡಿ. ಬಾಯಿಗೆ ಊಟ, ನೀರು, ಕಷಾಯ ಏನೂ ಬೇಡ. ತುಟಿ ಒದ್ದೆ ಮಾಡಿದರೆ ಸಾಕು. ವಾಂತಿ ಎಷ್ಟು ಸಲ, ಯಾವ ಬಣ್ಣ, ಗಾಳಿ ಕೊನೆಗೆ ಹೋದದ್ದು ಯಾವಾಗ, ಬೆಳಗ್ಗೆ ಯಾವ ಮಾತ್ರೆ ನುಂಗಿದ್ದಾರೆ ಎಂದು ಕಾಗದದ ಮೇಲೆ ಬರೆಯಿರಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಸಾಗರದಿಂದ ಅದಕ್ಕಿಂತ ಹೆಚ್ಚು. ಮಣಿಪಾಲಕ್ಕೆ ಹೋಗುವವರು ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಜೋರು ಮಳೆಯಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ ಅಲ್ಲೇ ನಿಲ್ಲಬೇಕು. ಆದ್ದರಿಂದ ಜೂನ್ ತಿಂಗಳಿಗೆ ಮೊದಲೇ ಎರಡು ವಾಹನದವರ ನಂಬರು ಗೋಡೆಯ ಮೇಲೆ ಬರೆದಿಡಿ. 108ಕ್ಕೆ ಸಿಗ್ನಲ್ ಸಿಗುವ ಜಾಗ ಯಾವುದು, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಗೆ ರೋಗಿಯನ್ನು ಹೊತ್ತು ತರುವವರು ಯಾರು ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ. ನೇರ ದೂರದ ಆಸ್ಪತ್ರೆಗೆ ಓಡುವ ಬದಲು ದಾರಿಯಲ್ಲೇ ಇರುವ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಿ. ಅಲ್ಲಿ ಡ್ರಿಪ್ ಹಾಕಿ, ಮೂಗಿನ ನಳಿಕೆ ಇಳಿಸಿ, ಎಕ್ಸ್‌ರೇ ತೆಗೆದು, ಸರ್ಜನ್ ಮತ್ತು ಸಿ.ಟಿ. ಸ್ಕ್ಯಾನ್ ಇರುವ, ಶಿವಮೊಗ್ಗದ ಮೆಗ್ಗಾನ್‌ನಂಥ ಆಸ್ಪತ್ರೆಗೆ ಮುಂಚಿತವಾಗಿ ಫೋನ್ ಮಾಡಿ ಕಳಿಸಿಕೊಡುವಂತೆ ಕೇಳಿ. ಹೊಟ್ಟೆ ಖಾಲಿಯಾದ, ಮೈಯಲ್ಲಿ ನೀರಿರುವ ರೋಗಿ ಆ ಮುಂದಿನ ದಾರಿಯನ್ನು ತಡೆದುಕೊಳ್ಳುತ್ತಾರೆ.

ಜೀಪಿನಲ್ಲಿ ಅಂಗಾತ ಮಲಗಿಸಬೇಡಿ. ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಕಂಬಳಿ ಸುರುಳಿ ಒತ್ತುಕೊಟ್ಟು, ತಲೆಯ ಹತ್ತಿರ ಒಬ್ಬರು ಕೂರಬೇಕು. ತಿರುವುಗಳಲ್ಲಿ ವಾಂತಿ ಬಂದರೆ ಅದು ಶ್ವಾಸನಾಳಕ್ಕೆ ಇಳಿಯದಂತೆ ನೋಡಿಕೊಳ್ಳುವುದು ಅವರ ಕೆಲಸ.